ಸಮ್ಮತಿ ಪತ್ರದಲ್ಲಿ ‘ಸಮ್ಮತಿ’ ಪದ ಬಳಸುವ ಸರಿಯಾದ ಕ್ರಮ ಯಾವುದು?

ಬಯಲುಸೀಮೆ (ಜಗಳೂರು)

ಜಗಳೂರು ತಾಲ್ಲೂಕಿನ ಜಮೀನು. ಪಹಣಿಯಲ್ಲಿ ಅವ್ವ, ಅಣ್ಣ, ನಾನು ಮೂವರ ಹೆಸರೂ ಜಂಟಿಯಾಗಿದೆ. ಕೊಳವೆಬಾವಿಗೆ ಬೆಸ್ಕಾಂ ಸಂಪರ್ಕ ಅಣ್ಣನ ಹೆಸರಿಗೆ ಬೇಕು. ಉಳಿದಿಬ್ಬರ ಸಮ್ಮತಿ ಪತ್ರ ಕೇಳಿದ್ದಾರೆ. ನಾನು ಬರೆದಿರುವುದು ಇದು:

“ಸದರಿ ಜಮೀನಿನಲ್ಲಿ ವಿದ್ಯುತ್ ಸಂಪರ್ಕ ಪಡೆಯಲು ನಾನು ಸಮ್ಮತಿ ಇರುತ್ತೇನೆ ಹಾಗೂ ಅನುಮತಿ ಮಾಡಿರುತ್ತೇನೆ. ಈ ಬಗ್ಗೆ ಒಪ್ಪಂದ ನೀಡಲಾಗಿದೆ.”

ಸಮ್ಮತಿ, ಅನುಮತಿ, ಒಪ್ಪಂದ ಮೂರೂ ಇರಲಿ ಎಂದು ಹಾಕಿದ್ದೇನೆ. ಓದಿದರೆ ಏನೋ ಎಡವಟ್ಟು ಅನ್ನಿಸುತ್ತದೆ. ಬಲ್ಲವರು ತಿದ್ದಿಕೊಡಿ.

ದುರ್ಗದ ಕನ್ನಡ ಮೇಷ್ಟ್ರು

ಮೂರರಲ್ಲಿ ಒಂದೇ ಸಾಕು, ಅದು ಸಮ್ಮತಿ. ಅನುಮತಿ ಎನ್ನುವುದು ಅಧಿಕಾರ ಇರುವವರು ಕೆಳಗಿನವರಿಗೆ ಕೊಡುವಂಥದ್ದು. ಅಣ್ಣನೂ ನಿಮ್ಮಷ್ಟೇ ಹಕ್ಕುದಾರ, ಅವರಿಗೆ ನೀವು ಅನುಮತಿ ಕೊಡುವ ಪ್ರಶ್ನೆ ಬರುವುದಿಲ್ಲ. ಒಪ್ಪಂದಕ್ಕೆ ಎರಡು ಕಡೆಯವರು ಬೇಕು, ಇಬ್ಬರೂ ಏನಾದರೊಂದಕ್ಕೆ ಬದ್ಧರಾಗಬೇಕು. ಅದನ್ನು ‘ಮಾಡಿಕೊಳ್ಳುತ್ತೇವೆ’, ‘ನೀಡುವುದಿಲ್ಲ’. ಸಮ್ಮತಿ ಒಬ್ಬರೇ ಕೊಡಬಹುದು. ನಿಮ್ಮಿಂದ ಕೇಳಿರುವುದೂ ಅಷ್ಟೇ.

ಇನ್ನು ವಾಕ್ಯ. ಸಮ್ಮತಿ ನಾಮಪದ. ‘ನಾನು ಸಮ್ಮತಿ ಇರುತ್ತೇನೆ’ ಎಂದರೆ ನಾನೇ ಸಮ್ಮತಿ ಎಂದಾಗುತ್ತದೆ. ‘ನನ್ನ ಸಮ್ಮತಿ ಇದೆ’, ‘ನಾನು ಸಮ್ಮತಿ ನೀಡಿದ್ದೇನೆ’, ‘ನಾನು ಸಮ್ಮತಿಸಿದ್ದೇನೆ’ ಈ ಮೂರೂ ಸರಿ. ‘ನನಗೆ ಸಮ್ಮತ’ ಎಂದರೂ ಸರಿ, ಆದರೆ ಅಲ್ಲಿ ಸಮ್ಮತ ಗುಣವಾಚಕ. ನ್ಯಾಯಸಮ್ಮತ, ಶಾಸ್ತ್ರಸಮ್ಮತ ಎನ್ನುವಾಗ ಇರುವುದೂ ಅದೇ. ಸಮ್ಮತಿಯನ್ನು ಕೊಡುತ್ತಾರೆ, ನೀಡುತ್ತಾರೆ, ಸೂಚಿಸುತ್ತಾರೆ, ಪಡೆಯುತ್ತಾರೆ. ‘ಸಮ್ಮತಿ ಮಾಡು’ ಎಂಬ ಬಳಕೆ ಇಲ್ಲ. ಬರೆಯುವಾಗ ಮಕಾರಕ್ಕೆ ಮಕಾರದ ಒತ್ತು: ಸಂ ಮತ್ತು ಮತಿ ಸೇರಿ ಸಮ್ಮತಿ.

ವಿಭಕ್ತಿ ತಪ್ಪುವುದು ಇನ್ನೂ ಹೆಚ್ಚು. ಸಮ್ಮತಿಸು ಚತುರ್ಥಿಯನ್ನು ಬಯಸುತ್ತದೆ: ‘ಕೋರಿಕೆಗೆ ಸಮ್ಮತಿಸಿದರು’, ‘ಕೋರಿಕೆಯನ್ನು ಸಮ್ಮತಿಸಿದರು’ ಅಲ್ಲ. ಒಪ್ಪು ಮಾತ್ರ ಎರಡಕ್ಕೂ ಹೊಂದುತ್ತದೆ, ಅರ್ಥ ಬೇರೆಯಾಗುತ್ತದೆ. ‘ಅವನ ಮಾತನ್ನು ಒಪ್ಪಿದೆ’ ಎಂದರೆ ಮಾತು ನಿಜ ಎಂದುಕೊಂಡೆ. ‘ಅವನ ಮಾತಿಗೆ ಒಪ್ಪಿದೆ’ ಎಂದರೆ ಹೇಳಿದಂತೆ ಆಗಲಿ ಎಂದೆ. ನಿಮ್ಮ ಪತ್ರಕ್ಕೆ ಬೇಕಾದದ್ದು ಎರಡನೆಯದು.

‘ನೀಡಲಾಗಿದೆ’ ಎಂಬ ಕರ್ಮಣಿ ಪ್ರಯೋಗ ಸಮ್ಮತಿ ಪತ್ರದಲ್ಲಿ ಬೇಡವೇ ಬೇಡ. ಯಾರು ನೀಡಿದರು ಎಂಬುದನ್ನೇ ಅದು ಮರೆಮಾಡುತ್ತದೆ, ಪತ್ರ ಇರುವುದೇ ಅದನ್ನು ಹೇಳುವುದಕ್ಕೆ. ಕಚೇರಿ ಕನ್ನಡದ ‘ಇರುತ್ತದೆ’ಗಿಂತ ‘ಇದೆ’ ನೇರ.

ಹರಿಹರ ಪತ್ರಬರಹಗಾರ

ಮೇಷ್ಟ್ರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ‘ಸಂಪರ್ಕ ಪಡೆಯಲು ಸಮ್ಮತಿ ಇದೆ’ ಎಂದರೆ ಪಡೆಯುವವರು ಯಾರು? ಕನ್ನಡದಲ್ಲಿ ‘ಪಡೆಯಲು’ ಎಂದಾಗ ಕರ್ತೃವನ್ನು ಬಿಡಬಹುದು, ಮಾತಿನಲ್ಲಿ ಅದು ನಡೆಯುತ್ತದೆ. ದಾಖಲೆಯಲ್ಲಿ ಬಿಟ್ಟರೆ ನೀವೇ ಪಡೆಯುತ್ತೀರಿ ಎಂದೂ ಓದಬಹುದು. ಅಣ್ಣನವರ ಪೂರ್ತಿ ಹೆಸರು, ತಂದೆಯ ಹೆಸರು ಹಾಕಿ ‘ಇವರು ಪಡೆಯುವುದಕ್ಕೆ’ ಎಂದು ಬಿಡಿಸಿ ಬರೆಯಿರಿ. ಹೆಸರು ಪಹಣಿಯ 9ನೇ ಕಾಲಂನಲ್ಲಿ ಇರುವಂತೆಯೇ ಇರಲಿ. ಅಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ‘ಉರುಫ್’ ಎಂದು ಎರಡನ್ನೂ ನಮೂದಿಸಿ.

ಜಮೀನು ಯಾವುದು ಎಂಬುದಕ್ಕೆ ‘ಸದರಿ’ ಒಂದೇ ಸಾಲದು. ಮೊದಲು ಗ್ರಾಮ, ಹೋಬಳಿ, ಸರ್ವೆ ನಂಬರ್, ಹಿಸ್ಸಾ, ಎಕರೆ–ಗುಂಟೆ ಬರೆದು, ಆಮೇಲೆ ಬೇಕಾದಲ್ಲಿ ಸದರಿ ಎನ್ನಿ. ವಿಸ್ತೀರ್ಣವನ್ನು 2-20 ಎಂದಷ್ಟೇ ಬಿಡಬೇಡಿ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ಅದು ಎರಡೂವರೆ ಎಕರೆ. ದಶಮಾಂಶ ಅಂದುಕೊಂಡರೆ ಲೆಕ್ಕವೇ ಬೇರೆ. ‘2 ಎಕರೆ 20 ಗುಂಟೆ’ ಎಂದು ಅಕ್ಷರದಲ್ಲೂ ಬರೆಯಿರಿ.

ಎಲ್ಲಕ್ಕಿಂತ ಮುಖ್ಯ ಸಮ್ಮತಿಯ ಮಿತಿ. ‘ಜಮೀನಿನ ಬಗ್ಗೆ ನನ್ನ ಸಂಪೂರ್ಣ ಸಮ್ಮತಿ ಇದೆ’ ಎಂದು ಬರೆದುಕೊಡುವವರಿದ್ದಾರೆ. ಯಾತಕ್ಕೆ ಸಮ್ಮತಿ? ಮುಂದೆ ಹಿಸ್ಸೆ ಮಾಡುವಾಗ ಆ ಕಾಗದ ಮುಂದಿಟ್ಟು ತಕರಾರು ತೆಗೆದರೆ ಅಲೆಯಬೇಕಾದವರು ಬರೆದುಕೊಟ್ಟವರೇ. ಹಕ್ಕು ಬಿಟ್ಟುಕೊಡುವುದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಬೇಕು, ನಿಜ. ಆದರೂ ಸಂಶಯಕ್ಕೆ ಎಡೆ ಯಾಕೆ? ಹೀಗೆ ಬರೆಯಿರಿ:

“ಮೇಲ್ಕಂಡ ಜಮೀನಿನ ಕೊಳವೆಬಾವಿಗೆ ನನ್ನ ಅಣ್ಣ ಶ್ರೀ ……ರವರು ತಮ್ಮ ಹೆಸರಿನಲ್ಲಿ ವಿದ್ಯುತ್ ಸಂಪರ್ಕ ಪಡೆಯುವುದಕ್ಕೆ ನನ್ನ ಸಮ್ಮತಿ ಇದೆ. ಈ ಸಮ್ಮತಿಯು ವಿದ್ಯುತ್ ಸಂಪರ್ಕಕ್ಕೆ ಮಾತ್ರ ಸೀಮಿತವಾಗಿದ್ದು, ಜಮೀನಿನಲ್ಲಿ ನನಗಿರುವ ಹಕ್ಕು ಮತ್ತು ಹಿಸ್ಸೆಗೆ ಇದರಿಂದ ಬಾಧೆ ಇಲ್ಲ. ಯಾರ ಒತ್ತಾಯವೂ ಇಲ್ಲದೆ, ಓದಿ ತಿಳಿದು, ಸ್ವಇಚ್ಛೆಯಿಂದ ಸಹಿ ಮಾಡಿದ್ದೇನೆ.”

ಕೊನೆಯ ಸಾಲು ಬರೀ ಅಲಂಕಾರ ಅಲ್ಲರಿ. 1872ರ ಭಾರತೀಯ ಕರಾರು ಕಾಯ್ದೆಯ 13ನೇ ಕಲಂ ಪ್ರಕಾರ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಸಮ್ಮತಿ. ಬಲವಂತ, ಅನುಚಿತ ಪ್ರಭಾವ, ಮೋಸ, ತಪ್ಪು ಮಾಹಿತಿಯಿಂದ ಬಂದದ್ದು ಮುಕ್ತ ಸಮ್ಮತಿಯಲ್ಲ ಎನ್ನುವುದು 14ನೇ ಕಲಂ. ‘ಓದಿ ತಿಳಿದು’, ‘ಒತ್ತಾಯವಿಲ್ಲದೆ’ ಈ ಎರಡಕ್ಕೂ ಉತ್ತರ.

ಡೈರಿ ಕಾರ್ಯದರ್ಶಿ (ಚನ್ನಗಿರಿ)

ಇದೇ ಜಾಡಿನಲ್ಲಿ ಒಂದು ಕೇಳುತ್ತೇನೆ. ಸಂಘದ ಸಭೆಯ ನಡವಳಿಯಲ್ಲಿ ‘ಎಲ್ಲರೂ ಸಹಮತ ಇದ್ದು ನಿರ್ಣಯಕ್ಕೆ ಅಂಗೀಕರಿಸಿದರು’ ಎಂದು ಬರೆಯುವ ರೂಢಿ ಇದೆ. ಸರಿಯೇ?

ದುರ್ಗದ ಕನ್ನಡ ಮೇಷ್ಟ್ರು

ಸರಿಯಲ್ಲ. ಅಂಗೀಕರಿಸು, ಅನುಮೋದಿಸು ಎರಡಕ್ಕೂ ದ್ವಿತೀಯಾ ವಿಭಕ್ತಿ: ‘ನಿರ್ಣಯವನ್ನು ಅಂಗೀಕರಿಸಿದರು’. ಸಹಮತ ಎಂದರೆ ಅಭಿಪ್ರಾಯ ಕೂಡಿಬಂದಿದೆ ಎಂದಷ್ಟೇ. ‘ಇದಕ್ಕೆ ನನ್ನ ಸಹಮತವಿದೆ’ ಎಂದು ಚರ್ಚೆಯಲ್ಲಿ ಹೇಳಬಹುದು, ನಿರ್ಣಯ ಆಯಿತು ಎಂಬುದಕ್ಕೆ ಅದು ಸಾಲದು. ಯಾರೂ ವಿರೋಧಿಸದಿದ್ದರೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’, ಒಬ್ಬರು ವಿರೋಧಿಸಿದರೂ ‘ಬಹುಮತದಿಂದ’. ವಿರೋಧ ದಾಖಲಾಗಿದ್ದೂ ಸರ್ವಾನುಮತ ಎಂದು ಬರೆದರೆ ನಡವಳಿಯೇ ಸುಳ್ಳಾಗುತ್ತದೆ. ಅಂಗೀಕರಿಸುವುದು ಇಡೀ ಸಭೆಯೇ ಆದ್ದರಿಂದ ಇಲ್ಲಿ ‘ಅಂಗೀಕರಿಸಲಾಯಿತು’ ಸಲ್ಲುತ್ತದೆ. ಸೂಚಕರು, ಅನುಮೋದಕರ ಹೆಸರು ಕೆಳಗೆ ಇದ್ದೇ ಇರುತ್ತದೆ.

ಬಯಲುಸೀಮೆ (ಜಗಳೂರು)

ತುಂಬಾ ಉಪಕಾರ. ಅವ್ವಂದು ಮತ್ತು ನಂದು ಒಂದೇ ಪತ್ರದಲ್ಲಿ ‘ನಮ್ಮ ಸಮ್ಮತಿ ಇದೆ’ ಎಂದು ಬರೆಯಬಹುದೆ? ಅವ್ವ ಹೆಬ್ಬೆಟ್ಟು ಒತ್ತುತ್ತಾರೆ. ಅವರು ಏನೂ ಹೇಳದಿದ್ದರೂ ಒಪ್ಪಿದಂತೆಯೇ ಎಂದು ಅಣ್ಣ ಹೇಳುತ್ತಾನೆ.

ಹರಿಹರ ಪತ್ರಬರಹಗಾರ

ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಮನೆ ಮಾತಿಗೆ ಸರಿ, ಕಾಗದಕ್ಕೆ ನಡೆಯುವುದಿಲ್ಲ. ಒಂದೇ ಪತ್ರ ಆಗಬಹುದು, ಆಗ ‘ನಾವು’, ‘ನಮ್ಮ’, ‘ಮಾಡಿದ್ದೇವೆ’ ಕೊನೆಯವರೆಗೂ ಒಂದೇ ಥರ ಇರಲಿ. ನಡುವೆ ‘ನನ್ನ’ ಬಂದರೆ ಯಾರ ಹಕ್ಕು ಎಂಬ ಗೊಂದಲ. ಆದರೆ ಅವ್ವನವರದು ಬೇರೆ ಮಾಡುವುದೇ ಒಳ್ಳೆಯದು, ಏಕೆಂದರೆ ಅವರ ಪತ್ರದಲ್ಲಿ ‘ಓದಿ ತಿಳಿದು’ ಎಂದು ಬರೆಯಲು ಬರುವುದಿಲ್ಲ. ‘ಓದಿ ಹೇಳಿದ್ದನ್ನು ಕೇಳಿ ತಿಳಿದುಕೊಂಡು’ ಎಂದಾಗಬೇಕು. ಹೆಬ್ಬೆಟ್ಟಿನ ಪಕ್ಕದಲ್ಲಿ ‘ಇದು ಶ್ರೀಮತಿ ……ರವರ ಹೆಬ್ಬೆಟ್ಟು ಗುರುತು’ ಎಂದು ಬರೆದು, ಓದಿ ಹೇಳಿದವರು ಬಿಕ್ಕಲಂ (ಬರೆದವರು) ಎಂದು ಸಹಿ ಹಾಕಲಿ. ಸಾಕ್ಷಿಗಳು ಇಬ್ಬರಿರಲಿ. ಅಣ್ಣನವರು ಸಾಕ್ಷಿ ಹಾಕುವುದು ಬೇಡ, ಅನುಕೂಲ ಆಗುವುದು ಅವರಿಗೇ. ಛಾಪಾ ಕಾಗದ ಎಷ್ಟರದು ಬೇಕು ಎಂದು ಉಪವಿಭಾಗ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಆಮೇಲೆ ಟೈಪ್ ಮಾಡಿಸಿ.