ಹಳೆಯ ಇಪಿಎಬಿಎಕ್ಸ್‌ಗೆ ಫೈಬರ್ ಲೈನ್ ಕೊಟ್ಟ ಮೇಲೆ ಲೈನ್ ಎಂಗೇಜ್ ಆಗಿಯೇ ಉಳಿಯುತ್ತಿದೆ

ಪ್ರಶ್ನೆ:
ಸಣ್ಣ ಆಫೀಸು, ಪ್ಯಾನಸೋನಿಕ್ ಕೆಎಕ್ಸ್-ಟಿಇಎಸ್824 ಇಪಿಎಬಿಎಕ್ಸ್ (ಹೊರಗಿನ ಫೋನ್ ಲೈನ್‌ಗಳನ್ನು ಆಫೀಸಿನ ಒಳಗಿನ ಫೋನ್‌ಗಳಿಗೆ ಹಂಚುವ ಪೆಟ್ಟಿಗೆ), 3 ಹೊರಲೈನ್ (ಸಿಒ1, ಸಿಒ2, ಸಿಒ3), 8 ಎಕ್ಸ್‌ಟೆನ್ಶನ್ (ಒಳಗಿನ ಫೋನ್). ಸಿಒ1ರಲ್ಲಿ ಡೈಸಾ (ಕರೆಯನ್ನು ಸಿಸ್ಟಮ್ ತಾನೇ ಎತ್ತಿಕೊಳ್ಳುವ ಸೌಲಭ್ಯ) ಸ್ವಾಗತ ಸಂದೇಶವಿದೆ, ಸಿಒ2 ಮತ್ತು ಸಿಒ3 ನೇರವಾಗಿ ರಿಂಗ್ ಆಗುತ್ತವೆ. ಸಿಒ1ರ ತಾಮ್ರದ ಲೈನ್ ತೆಗೆದು ಫೈಬರ್ ಮೋಡೆಮ್‌ನ ಫೋನ್ ಪೋರ್ಟಿನಿಂದ ವೈರ್ ಕೊಟ್ಟಿದ್ದೇವೆ. ಅಂದಿನಿಂದ ಸ್ವಾಗತ ಸಂದೇಶ ಕೇಳಿ ಕರೆದವರು ಇಟ್ಟುಬಿಟ್ಟರೂ ಸಿಒ1ರ ದೀಪ ಆರುವುದಿಲ್ಲ. ಹೋಲ್ಡ್‌ನಲ್ಲಿದ್ದವರು ಫೋನಿಟ್ಟರೂ ಅದೇ ಕಥೆ. ಇನ್ನೊಂದು ತೊಂದರೆ: ಈ ಕೆಲಸಕ್ಕೆಂದು ಸಿಸ್ಟಮ್ ಆಫ್ ಮಾಡಿ, ದಿನಾಂಕ-ಸಮಯ ಮತ್ತೆ ಹಾಕಿದ ಮೇಲೆ ಸಿಒ2, ಸಿಒ3ರ ಕರೆಗಳು ಹಗಲಲ್ಲೂ ಕಾವಲುಗಾರರ ಮೇಜಿಗೆ ಮಾತ್ರ ಹೋಗುತ್ತಿವೆ. ಪೂರ್ತಿ ರೀಸೆಟ್ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ:
ರೀಸೆಟ್ ಮಾಡಲೇಬೇಡಿ. ರಿಂಗ್ ಹಂಚಿಕೆ, ಎಕ್ಸ್‌ಟೆನ್ಶನ್ ನಂಬರು, ಎಸ್‌ಟಿಡಿ ನಿರ್ಬಂಧ ಎಲ್ಲ ಅಳಿಸಿಹೋಗುತ್ತವೆ, ಸಿಒ1ರ ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಇವು ಎರಡು ಬೇರೆ ಬೇರೆ ಸಮಸ್ಯೆಗಳು.

ಸುಲಭದ್ದು ಮೊದಲು. ಹಗಲಿನ ಕರೆ ಕಾವಲುಗಾರರಿಗೆ ಹೋಗುತ್ತಿದೆ ಎಂದರೆ ಸಿಸ್ಟಮ್ ರಾತ್ರಿ ಮೋಡ್‌ನಲ್ಲಿದೆ. ಇದರ ಗಡಿಯಾರ 12 ಗಂಟೆಯ ಲೆಕ್ಕದ್ದು, ಎಎಂ-ಪಿಎಂ ಬೇರೆಯಾಗಿ ಆರಿಸಬೇಕು. ಅಲ್ಲಿ ತಪ್ಪಿದರೆ ಮಧ್ಯಾಹ್ನ 2 ಗಂಟೆ ಅದಕ್ಕೆ ನಡುರಾತ್ರಿ ಕಳೆದ 2 ಗಂಟೆ. ಜ್ಯಾಕ್ 01ರಲ್ಲಿರುವ (ಮೊದಲ ಎಕ್ಸ್‌ಟೆನ್ಶನ್‌ನ ಪೋರ್ಟ್) ಡಿಸ್‌ಪ್ಲೇ ಇರುವ ಪ್ಯಾನಸೋನಿಕ್ ಫೋನಿನಲ್ಲಿ ಪ್ರೋಗ್ರಾಮ್ ಬಟನ್, ಸ್ಟಾರ್, ಹ್ಯಾಶ್, ಬಳಿಕ ಪಾಸ್‌ವರ್ಡ್ (ಯಾರೂ ಬದಲಿಸಿರದಿದ್ದರೆ 1234) ಒತ್ತಿ. ಪ್ರೋಗ್ರಾಮ್ ಸಂಖ್ಯೆ 000ಕ್ಕೆ (ದಿನಾಂಕ-ಸಮಯ) ಹೋಗಿ ಎಎಂ-ಪಿಎಂ ನೋಡಿ. ಅದು ಸರಿಯಿದ್ದರೆ ಯಾರೋ ಕೈಯಾರೆ ರಾತ್ರಿ ಮೋಡ್‌ಗೆ ಹಾಕಿ ಬಿಟ್ಟಿದ್ದಾರೆ. ಅದೂ ಅಲ್ಲದಿದ್ದರೆ ಮಾತ್ರ 408 (ಹಗಲಿನ ರಿಂಗ್) ಮತ್ತು 409 (ರಾತ್ರಿಯ ರಿಂಗ್) ತೆರೆದು ನೋಡಿ.

ಈಗ ಸಿಒ1. ಎಕ್ಸ್‌ಟೆನ್ಶನ್‌ನಲ್ಲಿ ಮಾತಾಡುತ್ತಿದ್ದವರು ರಿಸೀವರ್ ಇಟ್ಟ ತಕ್ಷಣ ಲೈನ್ ಬಿಡುಗಡೆಯಾಗುತ್ತದೆ, ಹೊರಗಿನಿಂದ ಸಂಕೇತ ಬರಲಿ ಬಿಡಲಿ. ಡೈಸಾ ಅಥವಾ ಹೋಲ್ಡ್‌ನಲ್ಲಿ ಈ ಕಡೆ ರಿಸೀವರ್ ಇಡುವ ಮನುಷ್ಯನೇ ಇಲ್ಲ. ಆ ಕಡೆಯವರು ಇಟ್ಟರೆಂದು ಲೈನೇ ತಿಳಿಸಬೇಕು. ಹೆಚ್ಚಾಗಿ ಅದು ತಿಳಿಯುವುದು ವೋಲ್ಟೇಜ್ ಒಂದು ಕ್ಷಣ ಪೂರ್ತಿ ಕಡಿದಾಗ. ಈ ಕಡಿತಕ್ಕೇ ಸಿಪಿಸಿ ಅನ್ನುವುದು. ಕೆಲವು ಲೈನ್‌ಗಳಲ್ಲಿ ಕಡಿತದ ಬದಲು ಪ್ಲಸ್-ಮೈನಸ್ ತಿರುವುಮುರುವಾಗುತ್ತದೆ. ನಿಮ್ಮ ಮೋಡೆಮ್ ಇವೆರಡನ್ನೂ ಕೊಡದೆ ಬರೀ ಬ್ಯುಸಿ ಟೋನ್ ಕೊಡುತ್ತಿರಬೇಕು.

ಊಹೆ ಬೇಡ, ಅದಲುಬದಲು ಮಾಡಿ ನೋಡಿ. ಫೈಬರ್ ವೈರನ್ನು ಸಿಒ2ಕ್ಕೆ, ಸಿಒ2ರ ತಾಮ್ರವನ್ನು ಸಿಒ1ಕ್ಕೆ ಹಾಕಿ, ಎರಡರಲ್ಲೂ ಒಂದೊಂದು ಕರೆಯನ್ನು ಹೋಲ್ಡ್‌ನಲ್ಲಿಟ್ಟು ಹೊರಗಿನವರು ಇಡಲಿ. ತೊಂದರೆ ವೈರಿನ ಜೊತೆ ಸಿಒ2ಕ್ಕೆ ಹೋದರೆ ದೋಷ ಮೋಡೆಮ್ ಕಡೆಯದು. ಸಿಒ1ರಲ್ಲೇ ಉಳಿದರೆ ಆ ಪೋರ್ಟಿನ ಸಿಪಿಸಿ ಸೆಟ್ಟಿಂಗ್ ನೋಡಬೇಕು.

ಕೇಳಿದವರು:
ಎಎಂ-ಪಿಎಂ ತಪ್ಪೇ ಇತ್ತು. ಸರಿಮಾಡಿದೆವು, ಹಗಲಿನ ರಿಂಗ್ ಎಲ್ಲ ಮೇಜಿಗೂ ಬರುತ್ತಿದೆ. ಅದಲುಬದಲು ಮಾಡಿದಾಗ ತೊಂದರೆ ವೈರಿನ ಜೊತೆ ಸಿಒ2ಕ್ಕೆ ಹೋಯಿತು. ಮೀಟರ್‌ನಲ್ಲಿ ಏನು ನೋಡಬೇಕು?

ಮತ್ತೊಬ್ಬರ ಉತ್ತರ:
ಮುಳ್ಳಿನ ಮೀಟರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅರ್ಧ ಸೆಕೆಂಡಿನ ಕಡಿತವನ್ನು ಸಾಧಾರಣ ಡಿಜಿಟಲ್ ಮೀಟರ್ ತೋರಿಸದೆಯೇ ದಾಟಿಬಿಡಬಹುದು. ಡಿಜಿಟಲ್ ಮಾತ್ರ ಇದ್ದರೆ ಮಿನ್-ಮ್ಯಾಕ್ಸ್ ಮೋಡ್ (ಅತಿ ಕಡಿಮೆ, ಅತಿ ಹೆಚ್ಚು ಅಳತೆಯನ್ನು ಹಿಡಿದಿಡುವುದು) ಬಳಸಿ. ಡಿಸಿಗೆ ಹಾಕಿ, ಫೋನ್ ವೈರಿನ ನಡುವಿನ ಎರಡು ತಂತಿಗಳ ಮೇಲೆ ಹಿಡಿಯಿರಿ. ಸುಮ್ಮನಿರುವ ತಾಮ್ರದ ಲೈನ್ ಸುಮಾರು 48 ವೋಲ್ಟ್ ತೋರಿಸುತ್ತದೆ, ಮೋಡೆಮ್ ಪೋರ್ಟುಗಳಲ್ಲಿ ಇದಕ್ಕಿಂತ ಕಡಿಮೆಯೂ ಇರುತ್ತದೆ. ಕರೆ ನಡೆಯುವಾಗ 6ರಿಂದ 10ರ ಆಸುಪಾಸಿಗೆ ಇಳಿಯುತ್ತದೆ. ಕರೆ ಹೋಲ್ಡ್‌ನಲ್ಲಿರುವಾಗ ಹೊರಗಿನವರು ಇಡಲಿ. ಮುಳ್ಳು ಸೊನ್ನೆಗೆ ಬಿದ್ದು ಎದ್ದರೆ ಕಡಿತವಿದೆ, ಹಿಂದಕ್ಕೆ ತಿರುಗಿದರೆ ತಿರುವುಮುರುವು. ಅಲ್ಲಾಡದೆ ನಿಂತಿದ್ದರೆ ಇಪಿಎಬಿಎಕ್ಸ್‌ಗೆ ಏನೂ ತಲುಪುತ್ತಿಲ್ಲ. ಪರೀಕ್ಷೆಯ ನಡುವೆ ಬರಿಗೈ ತಂತಿಗೆ ತಾಗದಿರಲಿ, ರಿಂಗ್ ಬಂದಾಗ ಅದೇ ತಂತಿಯಲ್ಲಿ 75-90 ವೋಲ್ಟ್ ಎಸಿ ಇರುತ್ತದೆ.

ಮುಳ್ಳು ಅಲ್ಲಾಡದಿದ್ದರೆ ಮೋಡೆಮ್‌ನ ವಾಯ್ಸ್ ಸೆಟ್ಟಿಂಗ್‌ನಲ್ಲಿ ಲೂಪ್ ಕರೆಂಟ್ ಡಿಸ್‌ಕನೆಕ್ಟ್ (ಕಡಿತ) ಅಥವಾ ಪೊಲ್ಯಾರಿಟಿ ರಿವರ್ಸಲ್ (ತಿರುವುಮುರುವು) ಎಂಬ ಹೆಸರಿನದು ಹುಡುಕಿ. ಬಹಳ ಮೋಡೆಮ್‌ಗಳಲ್ಲಿ ಈ ಪುಟ ಗ್ರಾಹಕರಿಗೆ ಕಾಣುವುದಿಲ್ಲ, ಸೇವೆ ಕೊಡುವವರೇ ಅವರ ಕಡೆಯಿಂದ ಆನ್ ಮಾಡಬೇಕು. ದೂರು ಕೊಡುವಾಗ ‘ಫೋನ್ ಸರಿಯಿಲ್ಲ’ ಎಂದರೆ ಯಾರೋ ಬಂದು ಡಯಲ್ ಟೋನ್ ಕೇಳಿ ಹೋಗುತ್ತಾರೆ. ‘ಆ ಕಡೆಯವರು ಫೋನಿಟ್ಟಾಗ ಪೋರ್ಟಿನಲ್ಲಿ ಲೂಪ್ ಡಿಸ್‌ಕನೆಕ್ಟ್ ಬೇಕು, ಇಪಿಎಬಿಎಕ್ಸ್‌ಗೆ ಜೋಡಿಸಿದ್ದೇವೆ’ ಎಂದೇ ಬರೆಸಿ. ಅವಧಿ ಕೇಳಿದರೆ 500 ಮಿಲಿಸೆಕೆಂಡ್ ಅನ್ನಿ. ಇಪಿಎಬಿಎಕ್ಸ್‌ನ ಸಿಪಿಸಿ ಪತ್ತೆಯ ಅವಧಿ ಅದಕ್ಕಿಂತ ಕಡಿಮೆ ಇರಬೇಕು, ಸುಮಾರು ಅರ್ಧದಿಂದ ಶುರುಮಾಡಿ. ತೀರಾ ಕಡಿಮೆ ಇಟ್ಟರೆ ಲೈನಿನ ಸಣ್ಣ ಅಡಚಣೆಗೂ ಮಾತಿನ ನಡುವೆ ಕರೆ ಕಡಿದುಹೋಗುತ್ತದೆ. ಸೇವೆಯವರು ಒಪ್ಪದಿದ್ದರೆ, ಇಪಿಎಬಿಎಕ್ಸ್‌ನ ಟೋನ್ ಪತ್ತೆ (ಬ್ಯುಸಿ ಟೋನ್ ಗುರುತಿಸಿ ಲೈನ್ ಬಿಡುವುದು) ಡೈಸಾ ಕರೆಗಳ ಮಟ್ಟಿಗೆ ಕೆಲಸ ಮಾಡುತ್ತದೆ, ಹೋಲ್ಡ್‌ನ ತೊಂದರೆ ಉಳಿಯುತ್ತದೆ.

ಮೊದಲ ಉತ್ತರದವರು:
ಒಂದು ಮಾತು ಸೇರಿಸುತ್ತೇನೆ. ಕರೆಂಟ್ ಹೋದಾಗ ಈ ಮಾಡೆಲ್‌ನಲ್ಲಿ ಸಿಒ1 ತಾನಾಗಿಯೇ ಜ್ಯಾಕ್ 01ಕ್ಕೆ ನೇರ ಜೋಡಣೆಯಾಗುತ್ತದೆ, ಆದರೆ ಆಗ ಪ್ಯಾನಸೋನಿಕ್ ಡಿಸ್‌ಪ್ಲೇ ಫೋನ್ ನಡೆಯುವುದಿಲ್ಲ, ಅದೇ ಜ್ಯಾಕ್‌ನಲ್ಲಿ ಸಾದಾ ಫೋನ್ ಬೇಕು. ತಾಮ್ರದ ಲೈನ್ ಎಕ್ಸ್‌ಚೇಂಜಿನ ವಿದ್ಯುತ್ತಿನಲ್ಲಿ ನಡೆಯುತ್ತಿತ್ತು, ಫೈಬರ್ ಮೋಡೆಮ್ ಕರೆಂಟ್ ಹೋದರೆ ಸತ್ತಂತೆಯೇ. ಹಾಗಾಗಿ ಅದಲುಬದಲು ಮಾಡಿದ ವೈರನ್ನು ಹಾಗೇ ಬಿಡಿ: ತಾಮ್ರ ಸಿಒ1ರಲ್ಲಿ, ಫೈಬರ್ ಸಿಒ2ರಲ್ಲಿ. ಡೈಸಾ ಫೈಬರ್ ನಂಬರಿಗೇ ಬೇಕಿದ್ದರೆ 414ರಲ್ಲಿ ಸಿಒ1 ಮತ್ತು ಸಿಒ2ರ ಹಗಲಿನ ಲೈನ್ ಮೋಡ್ ಅದಲುಬದಲು ಮಾಡಿ. ರಾತ್ರಿಗೆ 415 ಬೇರೆ ಇದೆ, ಅದನ್ನು ಮರೆತರೆ ಸಂಜೆಯ ಮೇಲೆ ಸ್ವಾಗತ ಸಂದೇಶ ಹಳೆಯ ಲೈನಿನಲ್ಲೇ ಬರುತ್ತಿರುತ್ತದೆ.