ಜ್ಯೂರಿ ಕೊಡುವುದು ‘ತೀರ್ಪೇ’?

ಮಾನ್ಯರೇ,

ಜ್ಯೂರಿಯ (ಸಾಮಾನ್ಯ ನಾಗರಿಕರಿಂದ ಆಯ್ದ ಮಂಡಳಿಯ) ಮುಂದೆ ನಡೆಯುವ ಕ್ರಿಮಿನಲ್ ಮೊಕದ್ದಮೆಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ವರ್ಡಿಕ್ಟ್’, ‘ಜಡ್ಜ್‌ಮೆಂಟ್’ ಎರಡಕ್ಕೂ ‘ತೀರ್ಪು’ ಎಂದೇ ಬಳಸುವ ರೂಢಿಯಿದೆ. ನಮ್ಮ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಈಗ ಜ್ಯೂರಿ ಇಲ್ಲದಿರುವುದರಿಂದ ದಿನನಿತ್ಯದ ವರದಿಗಳಿಗೆ ಇದರಿಂದ ತೊಡಕಿಲ್ಲ. ಆದರೆ ಜ್ಯೂರಿ ಇರುವಲ್ಲಿ ಅವು ಬೇರೆ ಬೇರೆಯವರು ಮಾಡುವ ಎರಡು ಕೆಲಸಗಳು: ಆರೋಪ ಸಾಬೀತಾಗಿದೆಯೇ ಎಂಬ ಪ್ರಶ್ನೆಗೆ ಜ್ಯೂರಿ ಉತ್ತರಿಸುತ್ತದೆ, ಆ ಉತ್ತರದ ಮೇಲೆ ಕಾನೂನಿನ ಪ್ರಕಾರ ಆಗಬೇಕಾದುದನ್ನು ನ್ಯಾಯಾಧೀಶರು ಮಾಡುತ್ತಾರೆ.

ಎರಡಕ್ಕೂ ಒಂದೇ ಪದವಿಟ್ಟರೆ ಏನಾಗುತ್ತದೆ ಎಂಬುದಕ್ಕೆ, ಕೊಲೆಯ ಆರೋಪ ಹೊತ್ತಿದ್ದ ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣವನ್ನೇ ನೋಡಬಹುದು. 1959ರಲ್ಲಿ ಬೊಂಬಾಯಿಯ ಸೆಷನ್ಸ್ ನ್ಯಾಯಾಲಯದ ಜ್ಯೂರಿ 8–1ರ ಬಹುಮತದಿಂದ ಆರೋಪಿಯು ದೋಷಿಯಲ್ಲ ಎಂದಿತು. ಅದನ್ನು ಒಪ್ಪದ ನ್ಯಾಯಾಧೀಶರು 1898ರ ದಂಡ ಪ್ರಕ್ರಿಯಾ ಸಂಹಿತೆಯ 307ನೆಯ ಸೆಕ್ಷನ್ನಿನಡಿ ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು; 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಸೆಕ್ಷನ್ನಿನ ಪ್ರಕಾರ, ಹಾಗೆ ಒಪ್ಪಿಸುವ ನ್ಯಾಯಾಧೀಶರು ತಾವು ಖುಲಾಸೆಯ ಅಥವಾ ಶಿಕ್ಷೆಯ ಜಡ್ಜ್‌ಮೆಂಟನ್ನು ದಾಖಲಿಸುವಂತಿರಲಿಲ್ಲ. ಇದನ್ನು ‘ಜ್ಯೂರಿಯ ತೀರ್ಪನ್ನು ಒಪ್ಪದ ನ್ಯಾಯಾಧೀಶರು ತೀರ್ಪು ನೀಡದೆ ಪ್ರಕರಣವನ್ನು ಹೈಕೋರ್ಟಿಗೆ ಕಳುಹಿಸಿದರು’ ಎಂದು ಬರೆದರೆ, ತೀರ್ಪು ಬಂದಿತ್ತೋ ಇಲ್ಲವೋ ಎಂಬುದೇ ಓದುಗರಿಗೆ ತಿಳಿಯದು.

‘ತೀರ್ಪು’ ಪದದೊಡನೆ ಬರುವ ಕ್ರಿಯಾಪದಗಳೂ, ಜ್ಯೂರಿ ಕೊಡುವುದನ್ನು ‘ತೀರ್ಪು’ ಎನ್ನಬಹುದೇ ಎಂಬ ನನ್ನ ಅನುಮಾನವನ್ನು ಬಲಪಡಿಸುತ್ತವೆ. ತೀರ್ಪನ್ನು ಬರೆಯುತ್ತಾರೆ, ಕಾಯ್ದಿರಿಸುತ್ತಾರೆ, ಓದುತ್ತಾರೆ. ಅದಕ್ಕೆ ಪುಟಗಳಿರುತ್ತವೆ, ಕಾರಣಗಳಿರುತ್ತವೆ. ಇಂಗ್ಲೆಂಡಿನ ಜ್ಯೂರಿ ಇದಾವುದನ್ನೂ ಮಾಡುವುದಿಲ್ಲ. ಗುಮಾಸ್ತರು ಕೇಳುತ್ತಾರೆ, ಜ್ಯೂರಿಯ ಮುಖ್ಯಸ್ಥರು ಎದ್ದು ನಿಂತು ‘ದೋಷಿ’ ಅಥವಾ ‘ದೋಷಿಯಲ್ಲ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಏಕೆ ಎಂದು ಯಾರೂ ಕೇಳುವಂತಿಲ್ಲ. ‘ತೀರು’ ಧಾತುವಿನಿಂದ ಬಂದುದರಿಂದ ವ್ಯಾಜ್ಯವನ್ನು ತೀರಿಸುವ ಯಾವುದಾದರೂ ತೀರ್ಪೇ ಎಂದು ವಾದಿಸಬಹುದು. ‘ದೋಷಿಯಲ್ಲ’ ಎಂಬ ಉತ್ತರದ ಮಟ್ಟಿಗೆ ಅಲ್ಲಿ ಆ ವಾದ ನಿಲ್ಲುತ್ತದೆ ಕೂಡ. ‘ದೋಷಿ’ ಎಂದಾಗ ಮಾತ್ರ ಶಿಕ್ಷೆಯ ವಿಚಾರ ಇನ್ನೂ ಬಾಕಿಯಿರುತ್ತದೆ.

ಜ್ಯೂರಿಯದಕ್ಕೆ ‘ನಿರ್ಣಯ’, ನ್ಯಾಯಾಧೀಶರದಕ್ಕೆ ‘ತೀರ್ಪು’ ಎಂದು ಹಂಚಿಕೊಳ್ಳುವುದು ಮೇಲೆಂದು ನನಗೆ ತೋರುತ್ತದೆ. ಸಭೆಗಳು ಅಂಗೀಕರಿಸುವ ‘ನಿರ್ಣಯ’ದ ನೆರಳು ಇದರ ಮೇಲೆ ಬೀಳುತ್ತದೆಂಬುದು ನಿಜ, ಆದರೆ ಸಂದರ್ಭವೇ ಅದನ್ನು ನಿವಾರಿಸೀತು. ‘ಅಭಿಮತ’ ಸಾಲದು. ಹಳೆಯ ಸಂಹಿತೆಯಲ್ಲಿ ಜ್ಯೂರಿಯ ಜೊತೆಗೆ ಅಸೆಸರುಗಳ, ಅಂದರೆ ನ್ಯಾಯಾಧೀಶರಿಗೆ ಅಭಿಪ್ರಾಯ ಹೇಳುವವರ, ವ್ಯವಸ್ಥೆಯೂ ಇತ್ತು. ಅವರು ಹೇಳಿದ್ದಕ್ಕೆ ನ್ಯಾಯಾಧೀಶರು ಬದ್ಧರಾಗಿರಲಿಲ್ಲ. ‘ಅಭಿಮತ’ ಆ ಅಸೆಸರುಗಳಿಗೆ ಸರಿಹೊಂದುವ ಪದ. ಜ್ಯೂರಿಯನ್ನೇ ‘ಪಂಚರು’ ಎನ್ನುವುದಂತೂ ಬೇಡ, ಓದುಗರ ಮನಸ್ಸು ನೇರವಾಗಿ ಪಂಚನಾಮೆಗೆ ಹೋಗುತ್ತದೆ.

ಇದಕ್ಕಿಂತ ಹೆಚ್ಚು ಹಾನಿಕರವಾದುದು ‘ನಾಟ್ ಗಿಲ್ಟಿ’ಯನ್ನು ‘ನಿರಪರಾಧಿ’ ಎನ್ನುವುದು. ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧವನ್ನು ರುಜುವಾತುಪಡಿಸುವ ಹೊಣೆ ಪ್ರಾಸಿಕ್ಯೂಷನ್ನಿನದು. ಅದು ಆಗಲಿಲ್ಲ ಎಂದಷ್ಟೇ ಜ್ಯೂರಿ ಹೇಳುತ್ತದೆಯೇ ಹೊರತು ಆರೋಪಿಯು ಕೃತ್ಯವೆಸಗಿಲ್ಲವೆಂದು ಪ್ರಮಾಣಪತ್ರ ಕೊಡುವುದಿಲ್ಲ. ಹಾಗೆಂದು ‘ಆರೋಪ ರುಜುವಾತಾಗಿಲ್ಲ’ ಎಂದು ಬಿಡಿಸಿ ಬರೆಯಲೂ ಆಗದು, ಏಕೆಂದರೆ ಸ್ಕಾಟ್ಲೆಂಡಿನಲ್ಲಿ ಶತಮಾನಗಳ ಕಾಲ ‘ದೋಷಿಯಲ್ಲ’ ಎಂಬುದರ ಪಕ್ಕದಲ್ಲೇ ‘ರುಜುವಾತಾಗಿಲ್ಲ’ ಎಂಬ ಮೂರನೆಯ ಉತ್ತರವೂ ಬಳಕೆಯಲ್ಲಿತ್ತು, ಎರಡರಲ್ಲೂ ಆರೋಪಿಗೆ ಬಿಡುಗಡೆಯೇ ಆಗುತ್ತಿತ್ತು. ‘ದೋಷಿಯಲ್ಲ’ ಎಂಬ ನೇರವಾದ ರೂಪವೇ ಲೇಸು.

ನನಗೆ ಉತ್ತರ ಸಿಗದಿರುವುದು ‘ಹಂಗ್ ಜ್ಯೂರಿ’ಯ, ಅಂದರೆ ಬೇಕಾದಷ್ಟು ಮಂದಿ ಒಪ್ಪದೆ ಉತ್ತರ ಹೇಳಲಾಗದ ಜ್ಯೂರಿಯ, ವಿಷಯದಲ್ಲಿ. ‘ಅತಂತ್ರ ವಿಧಾನಸಭೆ’ಯ ಮಾದರಿಯಲ್ಲಿ ‘ಅತಂತ್ರ ಜ್ಯೂರಿ’ ಎಂಬುದು ಥಟ್ಟನೆ ಹೊಳೆಯುತ್ತದೆ. ಆದರೆ ವಿಧಾನಸಭೆ ಅತಂತ್ರವಾಗುವುದು ಯಾರಿಗೂ ಬಹುಮತ ಇಲ್ಲದಾಗ. ಅಮೆರಿಕದಲ್ಲಿ ಗಂಭೀರ ಅಪರಾಧಗಳಿಗೆ ಜ್ಯೂರಿಯ ಒಮ್ಮತ ಬೇಕೇ ಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿರುವುದರಿಂದ, 12 ಜನರಲ್ಲಿ 11 ಮಂದಿ ಒಂದೆಡೆ ನಿಂತರೂ ಜ್ಯೂರಿ ‘ಹಂಗ್’ ಆಗಬಹುದು. ‘ಒಮ್ಮತಕ್ಕೆ ಬಾರದ ಜ್ಯೂರಿ’ ಎನ್ನೋಣವೆಂದರೆ, ಇಂಗ್ಲೆಂಡಿನಲ್ಲಿ ಸಾಕಷ್ಟು ಹೊತ್ತು ಚರ್ಚಿಸಿದ ಮೇಲೆ 12ರಲ್ಲಿ 10 ಮಂದಿ ಒಪ್ಪಿದರೂ ನ್ಯಾಯಾಧೀಶರು ಅದನ್ನು ಸ್ವೀಕರಿಸಬಹುದು. ‘ನಿರ್ಣಯಕ್ಕೆ ಬಾರದ ಜ್ಯೂರಿ’ ಎಂಬುದು ಎರಡೂ ಕಡೆಗೆ ಸಲ್ಲುತ್ತದೆ, ಆದರೆ ಶೀರ್ಷಿಕೆಯಲ್ಲಿ ಹಿಡಿಸದಷ್ಟು ಉದ್ದ. ಇದಕ್ಕಿಂತ ಅಡಕವಾದ ಪದವನ್ನು ಯಾರಾದರೂ ಬಳಸಿದ್ದಾರೆಯೇ, ಅಥವಾ ಬಲ್ಲವರು ಸೂಚಿಸಬಲ್ಲರೇ?