ಒಂದೇ ಡಿವಿಡಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ತೆರೆಯಬೇಕಾದರೆ ಹೇಗೆ ರೈಟ್ ಮಾಡಬೇಕು?

ಪ್ರಶ್ನೆ: ಊರಿನ ಯಕ್ಷಗಾನ ಆಟಗಳ ಹಳೆಯ ಫೋಟೊ, ಆಡಿಯೊ, ನಮ್ಮ ತಂದೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪ್ರಸಂಗದ ಟಿಪ್ಪಣಿಗಳು ಎಲ್ಲವನ್ನೂ ಡಿವಿಡಿಗೆ ಹಾಕಿ ನೆಂಟರಿಗೂ ಲೈಬ್ರರಿಗೂ ಕೊಡಬೇಕೆಂದಿದ್ದೇನೆ. ನನ್ನ ವಿಂಡೋಸ್‌ನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಅಣ್ಣನ ಹಳೇ ಕಂಪ್ಯೂಟರಿನಲ್ಲಿ ಹಾಕಿದರೆ ಡಿಸ್ಕ್ ಖಾಲಿ ಎನ್ನುತ್ತದೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಸರ್, ಹೀಗಾದಾಗ ನಾನು ಮೊದಲು ನೋಡುವುದು ರೈಟ್ ಮಾಡಿದ ರೀತಿಯನ್ನು. ವಿಂಡೋಸ್ 7ರಲ್ಲಿ ಖಾಲಿ ಡಿವಿಡಿ ಹಾಕಿದರೆ ಎರಡು ಆಯ್ಕೆ ಬರುತ್ತವೆ: ಯುಎಸ್‌ಬಿ ಡ್ರೈವ್‌ನಂತೆ ಬಳಸಬೇಕೋ, ಸಿಡಿ/ಡಿವಿಡಿ ಪ್ಲೇಯರಿಗಾಗಿಯೋ ಎಂದು. ಮೊದಲನೆಯದನ್ನು ಒತ್ತಿದರೆ ಯುಡಿಎಫ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಪದ್ಧತಿ) ಕ್ರಮದಲ್ಲಿ, ಫೈಲ್ ಎಳೆದು ಹಾಕಿದಂತೆಲ್ಲ ಬರೆಯುತ್ತ ಹೋಗುತ್ತದೆ. ಸೆಷನ್ (ಒಂದು ಸಲದ ಬರವಣಿಗೆ) ಮುಚ್ಚದೆ ಹೊರತೆಗೆದ ಡಿಸ್ಕನ್ನು ಬೇರೆ ಡ್ರೈವ್ ಖಾಲಿ ಎಂದೇ ತಿಳಿಯಬಹುದು. ಹಂಚುವ ಡಿಸ್ಕಿಗೆ ಎರಡನೆಯ ಆಯ್ಕೆಯೇ ಸರಿ. ಎಲ್ಲ ಫೈಲುಗಳನ್ನು ಒಟ್ಟು ಮಾಡಿಕೊಂಡು ಒಂದೇ ಸಲಕ್ಕೆ ಬರೆದು ಫೈನಲೈಸ್ ಮಾಡಿಬಿಡಿ, ಎಂದರೆ ಡಿಸ್ಕಿನ ಬರವಣಿಗೆಯನ್ನು ಪೂರ್ತಿ ಮುಚ್ಚಿಬಿಡಿ.

ಬರ್ನಿಂಗ್ ಸಾಫ್ಟ್‌ವೇರ್ ಬಳಸುವುದಾದರೆ ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಜಾಗದಲ್ಲಿ ಐಎಸ್‌ಒ 9660 ಜತೆಗೆ ಜೋಲಿಯೆಟ್, ರಾಕ್ ರಿಡ್ಜ್ ಎರಡನ್ನೂ ಆರಿಸಿ. 1988ರ ಐಎಸ್‌ಒ 9660ರ ಮೊದಲ ಹಂತದಲ್ಲಿ ಹೆಸರಿಗೆ ಎಂಟು ಅಕ್ಷರ, ಎಕ್ಸ್‌ಟೆನ್ಷನ್‌ಗೆ ಮೂರು, ಅದೂ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಉದ್ದ ಹೆಸರುಗಳೂ ನಡೆಯಲೆಂದು ಆಮೇಲೆ ಮೈಕ್ರೊಸಾಫ್ಟ್ ಜೋಲಿಯೆಟ್ ತಂದಿತು, ಯುನಿಕ್ಸ್ ಕಡೆಯವರು ರಾಕ್ ರಿಡ್ಜ್ ತಂದರು. ಮೂರೂ ಒಂದೇ ಡಿಸ್ಕಿನಲ್ಲಿರುತ್ತವೆ. ಒಂದು ಪುಸ್ತಕಕ್ಕೆ ಮೂರು ಪರಿವಿಡಿ ಇದ್ದಂತೆ, ಫೈಲಿನ ಒಳಗಿನದು ಮಾತ್ರ ಒಂದೇ ಪ್ರತಿ. ವಿಂಡೋಸ್ ಜೋಲಿಯೆಟ್ ನೋಡುತ್ತದೆ, ಲಿನಕ್ಸ್ ರಾಕ್ ರಿಡ್ಜ್ ನೋಡುತ್ತದೆ. ಮ್ಯಾಕ್‌ಗೂ ಇಂಥ ಡಿಸ್ಕ್ ಓದಲು ಬರುತ್ತದೆ. ವಿಡಿಯೊ ಇದ್ದು ಒಂದೇ ಫೈಲು 4 ಜಿಬಿ ದಾಟಿದರೆ ಮಾತ್ರ ಈ ದಾರಿ ಬೇಡ. ಅದನ್ನು ತುಂಡು ಮಾಡಿ, ಇಲ್ಲವೇ ಯುಡಿಎಫ್ ಬಳಸಿ. ಆಗಲೂ ಯುಡಿಎಫ್‌ನ 2.50 ಆವೃತ್ತಿ ಬೇಡ, ವಿಂಡೋಸ್ ಎಕ್ಸ್‌ಪಿ 2.01ರವರೆಗಷ್ಟೇ ಓದುತ್ತದೆ.

ಉತ್ತರ 2: ನಾನು ಉಬುಂಟು ಲಿನಕ್ಸ್‌ನಲ್ಲಿ ಕೆ3ಬಿ ಎಂಬ ಬರ್ನಿಂಗ್ ಸಾಫ್ಟ್‌ವೇರ್ ಬಳಸುತ್ತೇನೆ. ಮೇಲೆ ಹೇಳಿದ್ದೆಲ್ಲ ಸರಿ, ಕನ್ನಡ ಹೆಸರುಗಳ ಬಗ್ಗೆ ಇಷ್ಟು ಸೇರಿಸುತ್ತೇನೆ. ಜೋಲಿಯೆಟ್‌ನಲ್ಲಿ ಹೆಸರಿನ ಮಿತಿ 64 ಸಂಕೇತ. ಕಣ್ಣಿಗೆ ಕಾಣುವ ಅಕ್ಷರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ‘ಯಕ್ಷಗಾನ’ ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಏಳು ಸಂಕೇತ, ಏಕೆಂದರೆ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ. ಪ್ರಸಂಗ, ಭಾಗವತರು, ಊರು, ತಾರೀಕು ಎಲ್ಲವನ್ನೂ ಫೈಲಿನ ಹೆಸರಿಗೇ ತುರುಕಿದರೆ ಮಿತಿ ಬೇಗ ದಾಟುತ್ತದೆ.

ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ಸಿಸ್ಟಮ್ ಇದ್ದ ಹಳೆಯ ಮ್ಯಾಕ್‌ಗಳಲ್ಲಿ ಇನ್ನೊಂದು ತೊಡಕಿದೆ. ಅವು ಹೆಸರಿನ ‘ಕೊ’, ‘ಕೀ’, ‘ಕೈ’ಗಳಲ್ಲಿನ ಸ್ವರಚಿಹ್ನೆಯನ್ನು ಎರಡಾಗಿ ಒಡೆದು ಇಡುತ್ತವೆ. ನೋಡಲು ಹೆಸರು ಹಾಗೇ ಇರುತ್ತದೆ, ಬೇರೆ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗದೆ ಹೋಗಬಹುದು. ಅದಕ್ಕೇ ನಾನು ಫೈಲಿಗೆ ಚಿಕ್ಕ ಇಂಗ್ಲಿಷ್ ಹೆಸರು ಕೊಟ್ಟು, ಕನ್ನಡದ ಪೂರ್ತಿ ವಿವರವನ್ನು ಒಂದು ಪಿಡಿಎಫ್ ಪಟ್ಟಿಯಲ್ಲಿ ಇಡುತ್ತೇನೆ. ಹೆಸರಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಬೇಡವೇ ಬೇಡ. ಲಿನಕ್ಸ್ ಒಪ್ಪಿದರೂ ವಿಂಡೋಸ್ ಒಪ್ಪುವುದಿಲ್ಲ.

ಉತ್ತರ 3: ನಿಮ್ಮ ತಂದೆಯವರ ಟಿಪ್ಪಣಿಗಳ ಬಗ್ಗೆ ನನಗೆ ಹೆಚ್ಚು ಆತಂಕ. ಹಳೆಯ ನುಡಿ ಫೈಲು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲ, ಆ ಫಾಂಟ್ ಇಲ್ಲದ ಕಡೆ ಬರೀ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಡಿಸ್ಕ್ ತೆರೆದರೂ ಓದು ಸಾಗುವುದಿಲ್ಲ. ಮೊದಲು ನುಡಿಯದೇ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯೇ ಎಂದು ಕೂತು ಓದಿ. ಆಮೇಲೆ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಅದೂ ಡಿಸ್ಕಿನಲ್ಲಿರಲಿ. ಫೋಟೊಗೆ ಜೆಪೆಗ್, ಆಡಿಯೊಗೆ ಎಂಪಿ3 ಎಲ್ಲ ಕಡೆಯೂ ನಡೆಯುತ್ತದೆ.

ಉತ್ತರ 4: ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ) ಡಿಸ್ಕ್ ಬೇಡ, ಹಳೆ ಡ್ರೈವ್‌ಗಳಿಗೆ ಅದನ್ನು ಓದುವುದು ಕಷ್ಟ. ಡಿವಿಡಿ ಮೇಲೆ 4.7 ಜಿಬಿ ಎಂದಿದ್ದರೂ ವಿಂಡೋಸ್ ಲೆಕ್ಕದಲ್ಲಿ ಸಿಗುವುದು 4.38ರ ಹತ್ತಿರ, ಅಂಚಿನವರೆಗೆ ತುಂಬಿಸಬೇಡಿ. ಬರೆದಾದ ಮೇಲೆ ವೆರಿಫೈ ಮಾಡಿಸಿ, ಎಂದರೆ ಬರೆದದ್ದು ಮೂಲದಂತೆಯೇ ಇದೆಯೇ ಎಂದು ಸಾಫ್ಟ್‌ವೇರ್‌ನಿಂದಲೇ ಪರೀಕ್ಷೆ ಮಾಡಿಸಿ. ಪಟ್ಟಿ ಕಂಡಿತೆಂದು ಬಿಡದೆ, ಬೇರೆ ಕಂಪ್ಯೂಟರಿಗೆ ಹಾಕಿ ಪೂರ್ತಿ ಡಿಸ್ಕನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ನೋಡಿ. ಅಣ್ಣನವರ ಕಂಪ್ಯೂಟರಿನಲ್ಲೇ ಮಾಡಿದರೆ ಇನ್ನೂ ಒಳ್ಳೆಯದು. ಅಲ್ಲಿ ಪೂರ್ತಿ ಕಾಪಿ ಆದಮೇಲೆ ಉಳಿದ ಪ್ರತಿಗಳನ್ನು ಬರೆಯಿರಿ.